ಬೂಟಿಗೆ ತಕ್ಕ ಪಾದವೋ, ಪಾದಕ್ಕೆ ತಕ್ಕ ಬೂಟೋ?

ದೂರದ ಓಟ ಬಹಳ ಕಡಿಮೆ ಖರ್ಚಿನ ವ್ಯಾಯಾಮ ಎಂಬ ಮಾತಿದೆ. ಮೈದಾನಕ್ಕೆ ಬಾಡಿಗೆ ಕೊಡಬೇಕಿಲ್ಲ, ಬ್ಯಾಟು ಚೆಂಡು ಬೇಕಿಲ್ಲ, ಜೊತೆಗಾರರು ಇರಲೇಬೇಕೆಂದೂ ಇಲ್ಲ. ಆದರೆ ಓಟ ಆರಂಭಿಸಬೇಕೆಂದು ನಿಶ್ಚಯಿಸಿ ಬೂಟಿನ ಅಂಗಡಿಗೆ ಹೋದವರಿಗೆ ಈ ಮಾತಿನಲ್ಲಿ ಅನುಮಾನ ಹುಟ್ಟುತ್ತದೆ. ಗೋಡೆಯ ತುಂಬ ಬಣ್ಣಬಣ್ಣದ ಬೂಟುಗಳು. ಬೆಲೆ ಕೆಲವು ನೂರು ರೂಪಾಯಿಗಳಿಂದ ಹಿಡಿದು ಇಪ್ಪತ್ತು ಸಾವಿರ ದಾಟುವವರೆಗೆ. ಒಂದರ ಅಟ್ಟೆಯಲ್ಲಿ ಗಾಳಿಯ ಚೀಲವಿದೆ ಎನ್ನುತ್ತಾರೆ, ಇನ್ನೊಂದರಲ್ಲಿ ಜೆಲ್, ಮತ್ತೊಂದರಲ್ಲಿ ಕಾರ್ಬನ್ ನಾರಿನ ತಗಡು. ಹೊಸಬರು ಯಾವುದನ್ನು ಆರಿಸಬೇಕು?

ಇದು ಸಣ್ಣ ಪ್ರಶ್ನೆಯೇನೂ ಅಲ್ಲ. ಓಡುವಾಗ ಪ್ರತಿ ಹೆಜ್ಜೆಯಲ್ಲೂ ಪಾದದ ಮೇಲೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಬಲ ಬೀಳುತ್ತದೆ. ಅರವತ್ತು ಕಿಲೋ ತೂಕದವರಿಗೆ ಇದು ನೂರಿಪ್ಪತ್ತರಿಂದ ನೂರೆಂಬತ್ತು ಕಿಲೋ ಭಾರಕ್ಕೆ ಸಮ. ಹೊಸದಾಗಿ ಓಡುವವರು ಒಂದು ಕಿಲೋಮೀಟರಿಗೆ ಸಾವಿರಕ್ಕೂ ಮಿಗಿಲಾಗಿ ಹೆಜ್ಜೆ ಹಾಕುತ್ತಾರೆ. ಎಂದರೆ 5 ಕಿ.ಮೀ. ಓಟದಲ್ಲಿ ಕಾಲುಚೀಲದ ಒಂದು ಮಡಿಕೆ ಒಂದೇ ಜಾಗವನ್ನು ಎರಡೂವರೆ ಸಾವಿರ ಸಲಕ್ಕೂ ಹೆಚ್ಚು ಉಜ್ಜುತ್ತದೆ. ಉತ್ಸಾಹದಿಂದ ಓಟ ಆರಂಭಿಸಿ ಕೆಲವೇ ವಾರಗಳಲ್ಲಿ ಕೈಬಿಡುವವರಲ್ಲಿ ಉಸಿರು ಸಾಲದವರಿಗಿಂತ ಕಾಲು ನೊಂದವರೇ ಹೆಚ್ಚು ಎಂದರೆ ಆಶ್ಚರ್ಯಪಡಬೇಕಾಗಿಲ್ಲ. ಬೂಟಿನ ಬೆಲೆ ಕೇಳಿಯೇ ಹಿಂದೆ ಸರಿಯುವವರು ಇನ್ನೊಂದಷ್ಟು ಮಂದಿ.

ಈ ಪ್ರಶ್ನೆಗೆ ಉತ್ತರವನ್ನು ಜಾಹೀರಾತುಗಳಲ್ಲಿ ಹುಡುಕುವ ಬದಲು ಓಟದ ಬೂಟಿನ ಇತಿಹಾಸದಲ್ಲಿ ಹುಡುಕಿದರೆ ಹೆಚ್ಚು ಫಲ ಸಿಗುತ್ತದೆ.

ಬರಿಗಾಲಿನವರು

ಮೊದಲು ನಮ್ಮ ನೆಲದಿಂದಲೇ ಆರಂಭಿಸೋಣ. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾದ ಕ್ರೀಡಾಕೂಟವನ್ನು ನೋಡಿದ ಸರ್ ದೊರಾಬ್ಜಿ ಟಾಟಾ ಅವರನ್ನು ಒಂದು ಸಂಗತಿ ಬೆರಗುಗೊಳಿಸಿತು. ದೂರದ ಓಟದಲ್ಲಿ ಭಾಗವಹಿಸಿದವರು ಬಹುಪಾಲು ರೈತ ಮಕ್ಕಳು. ಯಾವ ಶಾಸ್ತ್ರೀಯ ತರಬೇತಿಯೂ ಇಲ್ಲದೆ ಬರಿಗಾಲಿನಲ್ಲಿ ಓಡಿಯೂ ಅವರು ಯುರೋಪಿನ ಓಟಗಾರರ ಸನಿಹಕ್ಕೆ ಬರುವಂತಿದ್ದರು. ಟಾಟಾ ಅವರ ಪ್ರಯತ್ನದಿಂದ ಮರುವರ್ಷ, 1920ರಲ್ಲಿ, ಭಾರತದ ಒಂದು ಪುಟ್ಟ ತಂಡ ಬೆಲ್ಜಿಯಂ ದೇಶದ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋಯಿತು. ಆ ತಂಡದಲ್ಲಿ ನಮ್ಮ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಇದ್ದರು. ಅಲ್ಲಿನ ಮ್ಯಾರಥಾನ್ ಇಂದಿನ 42.195 ಕಿ.ಮೀ.ಗಿಂತ ತುಸು ಹೆಚ್ಚು, 42.75 ಕಿ.ಮೀ. ಚೌಗುಲೆ ಅದನ್ನು 2 ಗಂಟೆ 50 ನಿಮಿಷ 45 ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವರಾದರು. ಬೂಟಿನ ವಿಜ್ಞಾನ ಕಣ್ಣು ಬಿಡುವ ಮೊದಲೇ ಕನ್ನಡ ನಾಡಿನ ಮಣ್ಣಿನಲ್ಲಿ ಓಡಿ ಬೆಳೆದವರೊಬ್ಬರು ಒಲಿಂಪಿಕ್ ಮ್ಯಾರಥಾನ್ ಪೂರೈಸಿದ್ದರು.

ಬರಿಗಾಲಿನ ಓಟವೆಂದರೆ ಜಗತ್ತಿಗೆ ನೆನಪಾಗುವುದು ಇಥಿಯೋಪಿಯಾದ ಸೈನಿಕ ಅಬೆಬೆ ಬಿಕಿಲ. 1960ರ ಸೆಪ್ಟೆಂಬರ್ 10ರ ಸಂಜೆ ರೋಮ್ ಒಲಿಂಪಿಕ್ಸಿನ ಮ್ಯಾರಥಾನ್ ಆರಂಭವಾಗಿ ಕತ್ತಲಲ್ಲಿ ಮುಗಿಯಿತು. ಬಿಕಿಲ ಅವರಿಗೆ ಅಲ್ಲಿ ದೊರೆತ ಬೂಟುಗಳು ಪಾದಕ್ಕೆ ಹೊಂದಲಿಲ್ಲ. ಊರಿನಲ್ಲಿ ಬರಿಗಾಲಿನಲ್ಲಿ ಓಡಿ ರೂಢಿಯಿದ್ದುದರಿಂದ ಅವರು ಹಾಗೆಯೇ ಓಡಿದರು. 2 ಗಂಟೆ 15 ನಿಮಿಷ 16.2 ಸೆಕೆಂಡುಗಳಲ್ಲಿ ಗುರಿ ಮುಟ್ಟಿ ಚಿನ್ನ ಗೆದ್ದರು. ಅದು ಆವರೆಗಿನ ವಿಶ್ವದಲ್ಲೇ ಶ್ರೇಷ್ಠ ಸಾಧನೆಯಾಗಿತ್ತು.

ಇಷ್ಟನ್ನು ಮಾತ್ರ ಕೇಳಿದವರು ಬೂಟೇ ಬೇಡವೆಂದು ತೀರ್ಮಾನಿಸುವುದುಂಟು. ಕಥೆಯ ಉತ್ತರಾರ್ಧವನ್ನೂ ಕೇಳಬೇಕು. ಮರುವರ್ಷ ಜಪಾನಿನ ಒಸಾಕದಲ್ಲಿ ಬಿಕಿಲ ಬೂಟು ಧರಿಸಿ ಓಡಿ ಗೆದ್ದರು. 1964ರ ಟೋಕಿಯೊ ಒಲಿಂಪಿಕ್ಸಿನಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಕೆಲವೇ ವಾರಗಳು ಕಳೆದಿದ್ದಾಗ, ಬಿಳಿಯ ಬೂಟು ಮತ್ತು ಕಾಲುಚೀಲ ತೊಟ್ಟು 2 ಗಂಟೆ 12 ನಿಮಿಷ 11.2 ಸೆಕೆಂಡುಗಳಲ್ಲಿ ಓಡಿ ಮತ್ತೆ ಚಿನ್ನ ಗೆದ್ದರು. ಕೊನ್ ಇಚಿಕಾವ ಅವರು ತೆಗೆದ ಟೋಕಿಯೊ ಒಲಿಂಪಿಕ್ಸಿನ ಸಾಕ್ಷ್ಯಚಿತ್ರದಲ್ಲಿ ಈ ಓಟವನ್ನು ಇಂದಿಗೂ ನೋಡಬಹುದು. ಓಟಗಾರ ಅದೇ ಮನುಷ್ಯ, ಪಾದ ಅದೇ. ಬರಿಗಾಲೂ ಗೆದ್ದಿತು, ಬೂಟೂ ಗೆದ್ದಿತು. ಸೋತದ್ದು ರೋಮಿನಲ್ಲಿ ಪಾದಕ್ಕೆ ಹೊಂದದೆ ಹೋದ ಆ ಜೊತೆ ಮಾತ್ರ.

ಕಾಲುಚೀಲವೇ ಬೂಟಾದದ್ದು

ಬಿಕಿಲ ಅವರಿಗೆ ಬೂಟು ತೊಡಿಸಿದ ಜಪಾನಿನಲ್ಲಿ ಅದಕ್ಕಿಂತ ಅರ್ಧ ಶತಮಾನ ಮೊದಲೇ ಒಂದು ಸ್ವಾರಸ್ಯಕರ ಪ್ರಯೋಗ ನಡೆದಿತ್ತು. ಜಪಾನೀಯರು ಮರದ ಮೆಟ್ಟಿನೊಂದಿಗೆ ತೊಡುವ ಬಟ್ಟೆಯ ಕಾಲುಚೀಲಕ್ಕೆ ತಾಬಿ ಎಂದು ಹೆಸರು. ಹೆಬ್ಬೆರಳಿಗೆ ಒಂದು ಮನೆ, ಉಳಿದ ನಾಲ್ಕು ಬೆರಳುಗಳಿಗೆ ಇನ್ನೊಂದು ಮನೆ. 1911ರಲ್ಲಿ ಶಿಜೊ ಕನಕುರಿ ಎಂಬ ವಿದ್ಯಾರ್ಥಿ ಒಲಿಂಪಿಕ್ ಆಯ್ಕೆಯ ಓಟದಲ್ಲಿ ತಾಬಿಯನ್ನೇ ತೊಟ್ಟು ಓಡಿದರು. ದಾರಿಯಲ್ಲಿ ಅದು ಹರಿದುಹೋಯಿತು. ಬರಿಗಾಲಿನಲ್ಲಿ ಓಟ ಮುಗಿಸಿದರು. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿಗೆ ಟೋಕಿಯೊದ ಹರಿಮಯ ಎಂಬ ತಾಬಿ ಅಂಗಡಿಯವರು ಅಡಿಭಾಗವನ್ನು ಬಲಪಡಿಸಿ ಕೊಟ್ಟರು. ಆದರೂ ಅಲ್ಲಿನ ಬಿಸಿಲಿನ ಝಳದಲ್ಲಿ ಕನಕುರಿ ಓಟವನ್ನು ಪೂರ್ಣಗೊಳಿಸಲಾಗಲಿಲ್ಲ.

ಅವರು ಸುಮ್ಮನಾಗಲಿಲ್ಲ. ಅಂಗಡಿಯ ಯಜಮಾನರೂ ಸುಮ್ಮನಾಗಲಿಲ್ಲ. ಓಟಗಾರ ಎಲ್ಲಿ ನೋವೆಂದು ಹೇಳುವುದು, ಹೊಲಿಯುವವರು ಅದನ್ನು ತಿದ್ದುವುದು, ಹೀಗೆ ವರ್ಷಗಟ್ಟಲೆ ನಡೆದು ಕೊನೆಗೆ ರಬ್ಬರಿನ ಅಟ್ಟೆಯ 'ಕನಕುರಿ ತಾಬಿ' ಸಿದ್ಧವಾಯಿತು. ಕೊರಿಯಾದ ಸೊನ್ ಕೀ-ಚುಂಗ್ 1936ರ ಬರ್ಲಿನ್ ಒಲಿಂಪಿಕ್ ಮ್ಯಾರಥಾನ್ ಗೆದ್ದದ್ದು ಬೆರಳು ಸೀಳಿದ ಈ ಬಗೆಯ ಬೂಟಿನಲ್ಲಿ. ಹಿರೋಶಿಮಾ ಪ್ರಾಂತ್ಯದ ಶಿಗೆಕಿ ತನಾಕ 1951ರಲ್ಲಿ ಅಮೆರಿಕದ ಬಾಸ್ಟನ್ ಮ್ಯಾರಥಾನ್ ಗೆದ್ದದ್ದೂ ಅದೇ ಬಗೆಯದರಲ್ಲಿ. ದೊಡ್ಡ ಕಾರ್ಖಾನೆಯಾಗಲಿ ಪ್ರಯೋಗಾಲಯವಾಗಲಿ ಇಲ್ಲದೆ, ಒಬ್ಬ ಓಟಗಾರ ಮತ್ತು ಒಬ್ಬ ಕುಶಲಕರ್ಮಿ ಕುಳಿತು ಮಾತಾಡಿದ್ದರ ಫಲವಿದು.

ಬೊಬ್ಬೆಯನ್ನು ಪ್ರಶ್ನಿಸಿದವರು

1949ರಲ್ಲಿ ಕೋಬೆ ನಗರದಲ್ಲಿ ಬೂಟಿನ ಉದ್ಯಮ ಆರಂಭಿಸಿದ ಕಿಹಾಚಿರೊ ಒನಿತ್ಸುಕ ಇನ್ನೊಂದು ಹೆಜ್ಜೆ ಮುಂದೆ ಹೋದರು. ಮ್ಯಾರಥಾನ್ ಓಡಿದರೆ ಅಂಗಾಲಿಗೆ ಬೊಬ್ಬೆ ಏಳುವುದು ಸಹಜವೆಂದೇ ಆಗ ಎಲ್ಲರೂ ಒಪ್ಪಿಕೊಂಡಿದ್ದರು. ಒನಿತ್ಸುಕ ಒಪ್ಪಲಿಲ್ಲ. ಬೂಟಿನೊಳಗೆ ಹುಟ್ಟುವ ಬಿಸಿ ಹೊರಹೋಗಲು ದಾರಿಯಿಲ್ಲದಿರುವುದೇ ಮೂಲ ಎಂದು ತಿಳಿದ ಅವರು, ಎಂಜಿನ್ನನ್ನು ತಂಪಾಗಿಡುವ ಕ್ರಮವನ್ನು ನೋಡಿ ಅದೇ ತತ್ತ್ವವನ್ನು ಬೂಟಿಗೆ ಅಳವಡಿಸಿದರೆಂದು ಅವರ ಸಂಸ್ಥೆಯ ಚರಿತ್ರೆ ಹೇಳುತ್ತದೆ. ಬೂಟಿನ ಮೇಲ್ಭಾಗದಲ್ಲಿ ರಂಧ್ರಗಳು. ಪಾದ ನೆಲಕ್ಕೆ ಒತ್ತಿದಾಗ ಬಿಸಿ ಗಾಳಿ ಹೊರಕ್ಕೆ, ಎತ್ತಿದಾಗ ತಂಪು ಗಾಳಿ ಒಳಕ್ಕೆ, ಕಮ್ಮಾರನ ತಿದಿಯ ಹಾಗೆ. ಒಸಾಕದಲ್ಲಿ ಬಿಕಿಲ ಅವರಿಗೆ ಬೂಟು ತೊಡುವಂತೆ ಮನವೊಲಿಸಿದವರು ಇದೇ ಒನಿತ್ಸುಕ. ಅವರ ಸಂಸ್ಥೆ 1977ರಲ್ಲಿ ಬೇರೆ ಸಂಸ್ಥೆಗಳೊಂದಿಗೆ ವಿಲೀನಗೊಂಡು ಏಸಿಕ್ಸ್ ಎಂಬ ಹೆಸರು ಪಡೆಯಿತು.

ಬೊಬ್ಬೆ ಹೇಗೆ ಹುಟ್ಟುತ್ತದೆಂಬುದನ್ನು ಇಲ್ಲಿ ತಿಳಿದುಕೊಳ್ಳುವುದು ಒಳ್ಳೆಯದು. ಹೊರಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಒಳಗಿನ ಮೂಳೆ ಹಿಂದೆ ಮುಂದೆ ಜರುಗುತ್ತದೆ. ಈ ಎಳೆದಾಟ ಮತ್ತೆ ಮತ್ತೆ ನಡೆದಾಗ ಚರ್ಮದ ಪದರಗಳ ನಡುವೆ ಬಿರುಕು ಬಿಟ್ಟು ಅಲ್ಲಿ ನೀರು ತುಂಬಿಕೊಳ್ಳುತ್ತದೆ. ಚರ್ಮ ಬೆವರಿನಿಂದ ತೇವವಾಗಿದ್ದರೆ ಘರ್ಷಣೆ ಹೆಚ್ಚು, ಒಣಗಿದ್ದರೆ ಕಡಿಮೆ. ಆದ್ದರಿಂದ ಗಾಳಿಯಾಡುವ ಬೂಟು ಬರೀ ತಂಪಿಗಲ್ಲ, ಚರ್ಮ ಒಣಗಿರುವುದಕ್ಕೂ ಬೇಕು.

ವಾಫಲ್ ಕಾವಲಿಯಿಂದ ಕಾರ್ಬನ್ ತಗಡಿನವರೆಗೆ

ಆಧುನಿಕ ಓಟದ ಬೂಟಿನ ಕಥೆಗೆ ಇನ್ನೊಂದು ಮೂಲ ನ್ಯೂಜಿಲೆಂಡಿನಲ್ಲಿದೆ. ಅಲ್ಲಿನ ಪ್ರಸಿದ್ಧ ತರಬೇತುದಾರ ಆರ್ಥರ್ ಲಿಡಿಯಾರ್ಡ್ ಹೊಟ್ಟೆಪಾಡಿಗೆ ದುಡಿದದ್ದು ಬೂಟಿನ ಕಾರ್ಖಾನೆಯಲ್ಲಿ. ವಯಸ್ಸಾದವರೂ ನಿಧಾನವಾಗಿ ಓಡಿ ಆರೋಗ್ಯ ಕಾಪಾಡಿಕೊಳ್ಳಬಹುದೆಂದು ತೋರಿಸಿಕೊಟ್ಟವರಲ್ಲಿ ಅವರು ಮೊದಲಿಗರು. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದ ತರಬೇತುದಾರ ಬಿಲ್ ಬೋವರ್‌ಮನ್ ಅವರಿಂದ ಕಲಿತು ಆ 'ಜಾಗಿಂಗ್' ಪದ್ಧತಿಯನ್ನು ತಮ್ಮ ದೇಶಕ್ಕೆ ತಂದರು. 1964ರಲ್ಲಿ ತಮ್ಮ ಹಳೆಯ ಶಿಷ್ಯ ಫಿಲ್ ನೈಟ್ ಜೊತೆ ಸೇರಿ ಒನಿತ್ಸುಕರ ಬೂಟುಗಳನ್ನು ಆಮದು ಮಾಡುವ ಸಂಸ್ಥೆ ಕಟ್ಟಿದರು. ಮುಂದೆ ನೈಕಿ ಎಂದಾದದ್ದು ಅದೇ.

ಬೋವರ್‌ಮನ್ ತಮ್ಮ ಓಟಗಾರರ ಪಾದಗಳನ್ನು ಅಳೆದು ತಾವೇ ಬೂಟು ಹೊಲಿಯುತ್ತಿದ್ದರು. 1970ರ ದಶಕದ ಆರಂಭದಲ್ಲಿ ಅವರು ಹೆಂಡತಿಯ ಅಡುಗೆಮನೆಯ ವಾಫಲ್ ಕಾವಲಿಗೆ ರಬ್ಬರಿನಂಥ ದ್ರವ ಸುರಿದ ಪ್ರಸಂಗ ಹೆಸರಾಗಿದೆ. ವಾಫಲ್ ಎಂದರೆ ಚೌಕಚೌಕ ಗುಳಿಗಳಿರುವ, ನಮ್ಮ ದಪ್ಪ ದೋಸೆಯಂಥ ತಿಂಡಿ. ಆ ಗುಳಿಗಳ ಅಚ್ಚಿನಿಂದ ಹಗುರವಾದ, ನೆಲವನ್ನು ಹಿಡಿಯುವ ಅಟ್ಟೆ ದೊರೆಯಿತು. ಮೊದಲ ಸಲ ಎಣ್ಣೆ ಸವರಲು ಮರೆತು ಕಾವಲಿ ಅಂಟಿಕೊಂಡು ಕೆಟ್ಟೇಹೋಯಿತು. ಇದಕ್ಕಿಂತ ದೊಡ್ಡ ಬೆಲೆಯನ್ನೂ ಅವರು ತೆತ್ತರು. ಗಾಳಿಯಿಲ್ಲದ ಇಕ್ಕಟ್ಟಿನ ಜಾಗದಲ್ಲಿ ಅಂಟು ಮತ್ತು ದ್ರಾವಕಗಳ ಆವಿಯನ್ನು ಬಹುಕಾಲ ಉಸಿರಾಡಿದ್ದರಿಂದ ಅವರ ಕಾಲಿನ ನರಗಳು ಹಾನಿಗೊಂಡವು. ಜಗತ್ತಿಗೆ ಓಟದ ಬೂಟು ಕೊಟ್ಟವರು ಅದನ್ನು ತೊಟ್ಟು ಓಡಲಾಗದಂತಾಯಿತು.

ಆ ಕಾಲದಲ್ಲಿ ಬಂದ ಇತರ ಸುಧಾರಣೆಗಳು ಹಲವು. ನ್ಯೂ ಬ್ಯಾಲೆನ್ಸ್ ಸಂಸ್ಥೆ 1960ರ ಹೊತ್ತಿಗೆ ಒಂದೇ ಉದ್ದದ ಬೂಟನ್ನು ಬೇರೆ ಬೇರೆ ಅಗಲಗಳಲ್ಲಿ ಮಾರತೊಡಗಿತು. ಸದ್ದಿಲ್ಲದೆ ನಡೆದ ಈ ಸುಧಾರಣೆ ಮಹತ್ವದಲ್ಲಿ ಯಾವುದಕ್ಕೂ ಕಡಿಮೆಯಲ್ಲ. ಏಕೆಂದರೆ ಪಾದಗಳ ವ್ಯತ್ಯಾಸವಿರುವುದು ಉದ್ದದಲ್ಲಿ ಮಾತ್ರವಲ್ಲ. 1970ರ ದಶಕದ ಮಧ್ಯದಲ್ಲಿ ಇ.ವಿ.ಎ. ಎಂಬ, ಒಳಗೆ ಲಕ್ಷಾಂತರ ಗಾಳಿಗುಳ್ಳೆಗಳಿರುವ ಹಗುರ ವಸ್ತು ಬಂತು. 1978ರಲ್ಲಿ ಗಾಳಿಚೀಲ, 1986ರಲ್ಲಿ ಜೆಲ್. 2017ರಲ್ಲಿ ದಪ್ಪ ಫೋಮಿನ ನಡುವೆ ಕಾರ್ಬನ್ ತಗಡಿಟ್ಟ ಬೂಟು ಮಾರುಕಟ್ಟೆಗೆ ಬಂದು ದಾಖಲೆಗಳು ಉರುಳಿದವು. ಕೊನೆಗೆ 2020ರಲ್ಲಿ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ರಸ್ತೆ ಓಟದ ಬೂಟಿನ ಅಟ್ಟೆ 40 ಮಿಲಿಮೀಟರಿಗಿಂತ ದಪ್ಪವಿರಬಾರದೆಂದು ನಿಯಮ ಮಾಡಬೇಕಾಯಿತು. ಆದರೆ ಇದು ಗಂಟೆಗೆ ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಓಡುವವರ ಲೋಕ. ಉದ್ಯಾನವನದಲ್ಲಿ ಮೊದಲ ಎರಡು ಕಿಲೋಮೀಟರ್ ಓಡಲು ಹೊರಟವರಿಗೆ ಇದರ ಅಗತ್ಯವಿಲ್ಲ.

ಪರೀಕ್ಷೆಗೆ ನಿಂತ ನಂಬಿಕೆಗಳು

ಬೂಟಿನ ಅಂಗಡಿಗಳಲ್ಲಿ ಬಹುಕಾಲ ಒಂದು ಸೂತ್ರ ನಡೆದುಬಂದಿದೆ. ಪಾದದ ಕಮಾನು ಚಪ್ಪಟೆಯಾಗಿದ್ದರೆ ಇಂಥ ಬೂಟು, ಎತ್ತರವಾಗಿದ್ದರೆ ಅಂಥ ಬೂಟು. ಕೇಳಲು ತರ್ಕಬದ್ಧವಾಗಿದೆ. ಅಮೆರಿಕದ ಸೇನಾಪಡೆಗಳು 2010ರ ಆಸುಪಾಸಿನಲ್ಲಿ ತಮ್ಮ ಹೊಸ ಸೈನಿಕರ ಮೇಲೆ ಇದನ್ನು ಪರೀಕ್ಷಿಸಿದವು. ಒಂದು ಗುಂಪಿಗೆ ಪಾದದ ಆಕಾರ ನೋಡಿ ಬೂಟು ಕೊಟ್ಟರು. ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ, ಒಂದೇ ಬಗೆಯ ಬೂಟು. ಗಾಯಗಳ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಇಂಥ ಹಲವು ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ 2022ರ ಕಾಕ್ರೇನ್ ಸಮೀಕ್ಷೆಯೂ ಯಾವುದೇ ಒಂದು ಬಗೆಯ ಬೂಟು ಗಾಯ ತಡೆಯುತ್ತದೆನ್ನಲು ಗಟ್ಟಿ ಪುರಾವೆ ಸಾಲದೆಂದಿತು.

ಎದುರು ಪಕ್ಷದ ನಂಬಿಕೆಯೂ ಪರೀಕ್ಷೆಗೆ ಒಳಗಾಯಿತು. ರೂಢಿಯಿಂದ ಬರಿಗಾಲಿನಲ್ಲಿ ಓಡುವವರು ಹಿಮ್ಮಡಿಗಿಂತ ಪಾದದ ಮುಂಭಾಗವನ್ನು ಮೊದಲು ಊರುವುದು ಹೆಚ್ಚೆಂದೂ, ಆಗ ನೆಲದ ಹಠಾತ್ ಆಘಾತ ಕಡಿಮೆಯೆಂದೂ 2010ರಲ್ಲಿ ಹಾರ್ವರ್ಡಿನ ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ತೋರಿಸಿದರು. ಬೆರಳು ಬೆರಳಾಗಿರುವ ತೆಳು ಬೂಟುಗಳು ಭರದಿಂದ ಮಾರಾಟವಾದವು. ಅಂಥ ಬೂಟು ತಯಾರಿಸುತ್ತಿದ್ದ ವಿಬ್ರಾಮ್ ಸಂಸ್ಥೆ, ಆರೋಗ್ಯಕ್ಕೆ ಲಾಭವೆಂಬ ಪ್ರಚಾರಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂಬ ಮೊಕದ್ದಮೆಯನ್ನು 2014ರಲ್ಲಿ 37.5 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಬಾಲ್ಯದಿಂದ ಬರಿಗಾಲಿನಲ್ಲಿ ಓಡಿದವರ ಪಾದ ಬೇರೆ, ಮೂವತ್ತು ವರ್ಷ ಬೂಟಿನೊಳಗಿದ್ದ ಪಾದ ಬೇರೆ.

ಹಾಗಾದರೆ ಆಯ್ಕೆಗೆ ಆಧಾರವೇನು? ಕೆನಡಾದ ಕ್ಯಾಲ್ಗರಿಯಲ್ಲಿ ದಶಕಗಳ ಕಾಲ ಈ ವಿಷಯ ಅಭ್ಯಸಿಸಿದ ಬೆನ್ನೊ ನಿಗ್ ಮತ್ತು ಸಂಗಡಿಗರು 2015ರಲ್ಲಿ ಒಂದು ಸರಳ ಸಲಹೆ ಮುಂದಿಟ್ಟರು. ತೊಟ್ಟು ನಾಲ್ಕು ಹೆಜ್ಜೆ ಓಡಿದಾಗ ಯಾವುದು ಹಿತವೆನಿಸುತ್ತದೋ ಅದನ್ನು ಆರಿಸಿರಿ ಎಂಬುದೇ ಅದರ ಸಾರ. ತೀರಾ ಗಟ್ಟಿಯಾದ ಅಟ್ಟೆ ಬೇಡವೆನ್ನಲು ಮಾತ್ರ ಒಂದಿಷ್ಟು ಆಧಾರವಿದೆ. ಲಕ್ಸೆಂಬರ್ಗಿನಲ್ಲಿ ಎಂಟುನೂರಕ್ಕೂ ಹೆಚ್ಚು ಹವ್ಯಾಸಿ ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಗಟ್ಟಿ ಅಟ್ಟೆಯವರಿಗೆ ಗಾಯಗಳು ಹೆಚ್ಚು ಆಗಿದ್ದವು. ಇವೆಲ್ಲ ಓದಿದಾಗ ಕನಕುರಿ ಮತ್ತು ತಾಬಿ ಅಂಗಡಿಯ ಯಜಮಾನರ ಮಾತುಕತೆ ನೆನಪಾಗದಿರದು. ಅಳತೆಗೋಲು ಆಗಲೂ ಪಾದವೇ ಆಗಿತ್ತು.

ಕಾಲುಚೀಲದ ಪಾಲು

ಬೂಟಿಗೆ ಸಾವಿರಗಟ್ಟಲೆ ಕೊಡುವವರು ಕಾಲುಚೀಲವನ್ನು ಮಾತ್ರ ಮನೆಯಲ್ಲಿ ಸಿಕ್ಕಿದ್ದನ್ನು ಹಾಕಿಕೊಳ್ಳುತ್ತಾರೆ. ಕಾಲುಚೀಲದ ಇತಿಹಾಸ ಓಟದ ಬೂಟಿಗಿಂತ ಬಹಳ ಹಳೆಯದು. ಈಜಿಪ್ಟಿನಲ್ಲಿ ದೊರೆತ, ಸುಮಾರು ಸಾವಿರದ ಆರುನೂರು ವರ್ಷಗಳಷ್ಟು ಹಳೆಯ ಉಣ್ಣೆಯ ಕಾಲುಚೀಲಗಳು ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ. ಅವುಗಳಲ್ಲೂ ತಾಬಿಯಂತೆ ಹೆಬ್ಬೆರಳಿಗೆ ಪ್ರತ್ಯೇಕ ಮನೆಯಿದೆ. ಚಪ್ಪಲಿಯೊಂದಿಗೆ ತೊಡಲು ಆ ಏರ್ಪಾಡು. 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಹೆಣೆಯುವ ಯಂತ್ರ ಕಂಡುಹಿಡಿದ ಮೇಲೆ ಕಾಲುಚೀಲ ಕ್ರಮೇಣ ಜನಸಾಮಾನ್ಯರಿಗೆ ದಕ್ಕಿತು. ಇಪ್ಪತ್ತನೆಯ ಶತಮಾನದ ನಡುವೆ ನೈಲಾನ್, ಅಕ್ರಿಲಿಕ್ ಎಳೆಗಳು ಬಂದವು.

ಹತ್ತಿಯೇ ಹಿತವೆಂದು ನಾವು ನಂಬಿಕೊಂಡಿದ್ದೇವೆ. ಕಚೇರಿಗೆ ಅದು ನಿಜವೂ ಹೌದು. ಆದರೆ ಹತ್ತಿ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಒದ್ದೆಯಾಗಿ ಜೋಲುತ್ತದೆ, ಮಡಿಕೆ ಬೀಳುತ್ತದೆ. 1990ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಯಾವ ಕಾಲುಚೀಲ ಯಾವುದೆಂದು ತಿಳಿಸದೆ ಓಟಗಾರರಿಗೆ ತೊಡಿಸಿ ನೋಡಿದಾಗ, ಅಕ್ರಿಲಿಕ್ ತೊಟ್ಟವರಲ್ಲಿ ಬೊಬ್ಬೆಗಳು ಕಡಿಮೆಯೂ ಚಿಕ್ಕವೂ ಆಗಿದ್ದವು. ಅದೇ ಸಂಶೋಧಕರು 1993ರಲ್ಲಿ ದಟ್ಟ ಮೆತ್ತೆಯಿಲ್ಲದ ಸಾಧಾರಣ ಹೆಣಿಗೆಯ ಕಾಲುಚೀಲ ಬಳಸಿದಾಗ ಈ ಅಂತರ ಕಾಣಲಿಲ್ಲ. ಎಂದರೆ ಎಳೆಯಷ್ಟೇ ಅಲ್ಲ, ಹೆಣಿಗೆಯೂ ಮುಖ್ಯ.

ನಮ್ಮ ಶಿವನಾಥ್ ಸಿಂಗ್ ಅವರನ್ನು ಇಲ್ಲಿ ನೆನೆಯಬೇಕು. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷಗಳಲ್ಲಿ ಮ್ಯಾರಥಾನ್ ಓಡಿ ಅವರು ಸ್ಥಾಪಿಸಿದ ರಾಷ್ಟ್ರೀಯ ದಾಖಲೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಅಳಿಯದೆ ಉಳಿಯಿತು. ಪಾದಕ್ಕೆ ಟೇಪು ಸುತ್ತಿಕೊಂಡು ಬರಿಗಾಲಿನಲ್ಲಿ ಓಡುವುದು ಅವರ ರೂಢಿಯಾಗಿತ್ತು. ಬೊಬ್ಬೆ ಏಳುವ ಜಾಗಕ್ಕೆ ಔಷಧಿ ಅಂಗಡಿಯ ಸಾಧಾರಣ ಕಾಗದದ ಟೇಪನ್ನು ಮುಂಚಿತವಾಗಿ ಅಂಟಿಸಿದರೆ ಬೊಬ್ಬೆ ಕಡಿಮೆಯಾಗುತ್ತದೆಂದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

ಹೊಸಬರು ಮಾಡಬೇಕಾದದ್ದು

ಈ ಇತಿಹಾಸದಿಂದ ಹೊಸಬರಿಗೆ ಸಿಗುವ ಸಲಹೆಗಳು ಸರಳ. ಅಂಗಡಿಗೆ ಸಂಜೆ ಹೋಗಿರಿ. ದಿನವಿಡೀ ನಡೆದು ಪಾದ ಸ್ವಲ್ಪ ಊದಿರುತ್ತದೆ, ಓಡುವಾಗಲೂ ಹಾಗೆಯೇ ಊದುತ್ತದೆ. ಓಡಲು ತೊಡುವ ಕಾಲುಚೀಲವನ್ನೇ ಹಾಕಿಕೊಂಡು ಹೋಗಿರಿ. ಎರಡೂ ಪಾದಗಳನ್ನು ಅಳೆಯಿಸಿ, ದೊಡ್ಡದಕ್ಕೆ ಹೊಂದುವ ಬೂಟು ನೋಡಿರಿ. ಎದ್ದು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಕೈಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಇಲ್ಲದಿದ್ದರೆ ಉಗುರು ಕಪ್ಪಾಗುವುದು ಖಂಡಿತ. ಬೆರಳುಗಳು ಅಗಲಕ್ಕೆ ಹರಡುವಂತಿರಬೇಕು, ಹಿಮ್ಮಡಿ ಜಾರಬಾರದು. ಅಂಗಡಿಯಲ್ಲೇ ನಾಲ್ಕು ಹೆಜ್ಜೆ ಓಡಿ ನೋಡಲು ಸಂಕೋಚ ಬೇಡ. ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ ಎಂಬ ಭರವಸೆಯನ್ನು ನಂಬಬೇಡಿ. ಅಂಗಡಿಯಲ್ಲಿ ಒತ್ತುವ ಬೂಟು ರಸ್ತೆಯಲ್ಲಿ ಇನ್ನಷ್ಟು ಒತ್ತುತ್ತದೆ.

ಕಾಲುಚೀಲ ಪಾದಕ್ಕೆ ಮಡಿಕೆಯಿಲ್ಲದೆ ಕೂರಬೇಕು, ಬೆರಳ ತುದಿಯ ಹೊಲಿಗೆ ಉಬ್ಬಿರಬಾರದು, ಹಿಮ್ಮಡಿಯ ಮೇಲಕ್ಕೆ ಬರುವಷ್ಟಾದರೂ ಎತ್ತರವಿರಬೇಕು. ಪೂರ್ತಿ ಹತ್ತಿಯದಕ್ಕಿಂತ ಬೇಗ ಒಣಗುವ ಮಿಶ್ರ ನೂಲಿನದು ಮೇಲು. ಮಳೆಯಲ್ಲಿ ನೆನೆದ ಬೂಟಿನೊಳಗೆ ಹಳೆಯ ಪತ್ರಿಕೆಯ ಹಾಳೆ ತುರುಕಿ ನೆರಳಿನಲ್ಲಿ ಒಣಗಿಸಿರಿ. ಸ್ಪರ್ಧೆಯ ದಿನ ಹೊಸ ಬೂಟಾಗಲಿ ಹೊಸ ಕಾಲುಚೀಲವಾಗಲಿ ಬೇಡ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಅಟ್ಟೆ ಒಂದು ಬದಿಗೆ ಸವೆದಿದೆಯೇ, ಮೆತ್ತೆ ಕುಸಿದಿದೆಯೇ ಎಂದು ನೋಡಿರಿ. ಬಹುಪಾಲು ಬೂಟುಗಳು ಐದುನೂರರಿಂದ ಎಂಟುನೂರು ಕಿಲೋಮೀಟರ್ ಬಾಳುತ್ತವೆಂದು ವಾಡಿಕೆಯ ಲೆಕ್ಕ. ಎಲ್ಲಕ್ಕಿಂತ ಮಿಗಿಲಾಗಿ, ಓಟದ ದೂರವನ್ನು ನಿಧಾನವಾಗಿ ಹೆಚ್ಚಿಸಿರಿ. ಅವಸರದಿಂದ ಬರುವ ನೋವನ್ನು ಯಾವ ಬೂಟೂ ತಡೆಯಲಾರದು.

ಒಂದು ಎಚ್ಚರಿಕೆಯ ಮಾತು ಅಗತ್ಯ. ಮಧುಮೇಹವಿರುವವರಿಗೆ ಪಾದದ ಸ್ಪರ್ಶಜ್ಞಾನ ಮಂದವಾಗಿರುವ ಸಾಧ್ಯತೆಯಿದೆ. ಬೊಬ್ಬೆ ಎದ್ದರೂ ತಿಳಿಯದೆ ಅದು ಹುಣ್ಣಾಗಬಹುದು. ಅಂಥವರು ವೈದ್ಯರನ್ನು ಕೇಳಿಯೇ ಓಟ ಆರಂಭಿಸಬೇಕು, ಪ್ರತಿ ಓಟದ ನಂತರ ಅಂಗಾಲನ್ನು ಕಣ್ಣಾರೆ ಪರೀಕ್ಷಿಸಬೇಕು.

ಉಳಿದಂತೆ, ಬೆಲೆಯ ಚೀಟಿಗೆ ಹೆದರುವ ಕಾರಣವಿಲ್ಲ. ತೊಟ್ಟು ಅರ್ಧ ಕಿಲೋಮೀಟರ್ ಓಡುವಷ್ಟರಲ್ಲಿ ಕಾಲಿನಲ್ಲಿ ಬೂಟಿದೆಯೆಂಬುದೇ ಮರೆತುಹೋದರೆ, ಅದೇ ನಿಮ್ಮ ಬೂಟು.